ಇಬ್ಬರು ಅಧ್ಯಕ್ಷೆಯರ ಆಷಾಢ

ಮೇಲಕ್ಕೆ ಚಿಮ್ಮಿದ ನಾಣ್ಯವನ್ನು ಕೆಳಗೆ ಬೀಳಗೊಡದೆ ಇಡೀ ಆಷಾಢ ಗಾಳಿಯಲ್ಲೇ ನಿಲ್ಲಿಸಿಟ್ಟರೆ ಏನಾಗಬಹುದು? ನಮ್ಮ ಮಾಚನಹಾಳದಲ್ಲಿ ಹಾಗೆ ನಿಲ್ಲಿಸಿದ್ದರು. ನಿಂತದ್ದು ನಾಣ್ಯವಲ್ಲ, ಒಂದು ಪರಮಾಣು. ನಿಲ್ಲಿಸಿದವರು ಕರಿಗುಡ್ಡದ ಮೇಲಿನ ಲ್ಯಾಬಿನ ಜೆಸಿಂತಾ ಮೇಡಂ. ನಿಲ್ಲಿಸಬೇಕಾಗಿ ಬಂದದ್ದು ನನ್ನ ಹೆಂಡತಿ ಫಕ್ಕೀರವ್ವ ಮತ್ತು ನನ್ನ ಸೊಸೆ ಕಸ್ತೂರಿ, ಇವರಿಬ್ಬರ ದೆಸೆಯಿಂದ.

ಊರಿನ ಮಹಿಳಾ ಹಾಲಿನ ಸಂಘಕ್ಕೆ ಅಧ್ಯಕ್ಷರ ಚುನಾವಣೆ ಬಂತು. ಅತ್ತೆ ಸೊಸೆ ಇಬ್ಬರೂ ನಿಂತರು. ಹೆಂಡತಿ ಸಂಘ ಕಟ್ಟಿದವಳು, ಕ್ಯಾನು ತಲೆಯ ಮೇಲೆ ಹೊತ್ತು ಬಸ್ ನಿಲ್ಲುವ ಆಲದ ಮರದವರೆಗೆ ನಡೆದ ಕಾಲದವಳು. ಸೊಸೆ ಸಂಘಕ್ಕೆ ಕೊಬ್ಬು ಅಳೆಯುವ ಯಂತ್ರ ತರಿಸಿದವಳು. ಅವಳು ಸಣ್ಣವಳು, ತಾನೇ ಸರಿಯುತ್ತಾಳೆ ಎಂದು ಇವಳು. ಅವರು ದೊಡ್ಡವರು, ತಾವೇ ಬಿಟ್ಟುಕೊಡುತ್ತಾರೆ ಎಂದು ಅವಳು. ಒಬ್ಬರು ಇನ್ನೊಬ್ಬರನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಿ ಕೇಳುವ ಪದ್ಧತಿ ಇಲ್ಲ. ಹೆಂಡತಿಗೆ ಬಿಂದಿಗೆಯ ಗುರುತು, ಸೊಸೆಗೆ ಕಡೆಗೋಲಿನ ಗುರುತು. ಮತ ಎಣಿಸಿದರೆ ಸಮ. ಮತ್ತೆ ಎಣಿಸಿದರೂ ಸಮ.

ಮೊದಲಾದರೆ ಚೀಟಿ ಬರೆದು ತಂಬಿಗೆಗೆ ಹಾಕಿ ಒಂದನ್ನು ಎತ್ತುತ್ತಿದ್ದರು. ಆದರೆ ಎಲ್ಲಿಯೋ ಒಂದು ಸಂಘದಲ್ಲಿ ಯಾರೋ ತಮ್ಮ ಚೀಟಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ತಂದು ಹಾಕಿದ್ದರಂತೆ. ಕೈಗೆ ತಣ್ಣಗೆ ಹತ್ತಿದ್ದನ್ನೇ ಎತ್ತು ಎಂದು ಎತ್ತುವವನಿಗೆ ಹೇಳಿಟ್ಟಿದ್ದರಂತೆ. ಆಮೇಲೆ ಚೀಟಿ ನಿಂತುಹೋಗಿ, ಸಮ ಬಿದ್ದಲ್ಲಿ ಪರಮಾಣುವೇ ತೀರ್ಮಾನ ಹೇಳಬೇಕೆಂದು ಹೊಸ ಕಾಯ್ದೆ ಬಂತು. ನಾಣ್ಯದ ಹಾಗೆ ಅದಕ್ಕೂ ಬೀಳಲು ಎರಡು ಬದಿ, ಒಂದೊಂದು ಬದಿಗೆ ಒಬ್ಬೊಬ್ಬರ ಗುರುತು. ಪರಮಾಣುವಿಗೆ ಬೀಗರಿಲ್ಲ, ಒಳಪಂಗಡವಿಲ್ಲ, ಕೈ ಬೆಚ್ಚಗೆ ಮಾಡೋಣವೆಂದರೆ ಕೈಯೇ ಇಲ್ಲ.

ತೊಡಕಾದದ್ದು ಪಂಚಾಂಗದಿಂದ. ಸಮ ಬಿದ್ದ ದಿನವೇ ಪರಮಾಣುವನ್ನು ಹೂಡಬೇಕೆಂದು ಕಾಯ್ದೆ. ಅವತ್ತು ಮಣ್ಣೆತ್ತಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಫಲ ನೋಡಬಾರದೆಂದು ಹೆಂಗಸರೆಲ್ಲ ಒಂದೇ ಹಟ. ಮರುದಿನದಿಂದ ಆಷಾಢ. ಆಷಾಢದಲ್ಲಿ ಹೊಸ ಚಪ್ಪಲಿ ಕೂಡ ಮೆಟ್ಟದ ಊರು ಕುರ್ಚಿಯ ಮೇಲೆ ಯಾರನ್ನು ಕೂರಿಸೀತು? ಚುನಾವಣಾಧಿಕಾರಿ ಹಂಚಿನಾಳ ಸಾಹೇಬರು ಕಾಯ್ದೆಯನ್ನು ಹಿಂದೆ ಮುಂದೆ ಓದಿ, “ಇವತ್ತ ಹೂಡಬೇಕು ಅಂತೈತಿ. ಇವತ್ತ ನೋಡಬೇಕು ಅಂತ ಎಲ್ಲೂ ಇಲ್ಲ,” ಎಂದರು. ಶ್ರಾವಣದ ಮೊದಲ ದಿನದವರೆಗೆ ಪರಮಾಣುವನ್ನು ಬೀಳದಂತೆ ಹಿಡಿಯಬಲ್ಲಿರಾ ಎಂದು ಗುಡ್ಡದ ಮೇಲೆ ಕೇಳಿದರೆ, ಜೆಸಿಂತಾ ಮೇಡಂ ಎರಡನೆಯ ಸಲ ಕೇಳಿಸಿಕೊಳ್ಳಲೂ ನಿಲ್ಲದೆ ಒಪ್ಪಿದರು. ಅಷ್ಟು ದಿನ ಯಾರೂ ಹಿಡಿದಿರಲಿಲ್ಲವಂತೆ.

ಲ್ಯಾಬಿನಲ್ಲಿ ಒಬ್ಬ ಸಾಕ್ಷಿ ಕೂರಬೇಕು, ಎರಡೂ ಕಡೆಯವರಿಗೆ ನಂಬಿಕೆ ಇದ್ದವನಾಗಬೇಕು. ಎರಡೂ ಕಡೆಯವರು ನನ್ನ ಹೆಸರೇ ಹೇಳಿದರು. ಈ ಬಾಳಪ್ಪ ಯಾರ ಪರವಾಗಿಯೂ ಮಾತಾಡಿದ್ದನ್ನು ಊರು ಕೇಳಿರಲಿಲ್ಲ.

ಯಾರು ಗೆದ್ದರೂ ನನಗೆ ಚಿಂತೆಯಿರಲಿಲ್ಲ. ಯಾರಾದರೂ ಗೆದ್ದುಬಿಡುತ್ತಾರಲ್ಲ ಎಂಬುದೇ ಚಿಂತೆ. “ಅಕಿ ಗೆದ್ಲಂದ್ರ ಅಕಿ ಬಡದ ರೊಟ್ಟಿ ನಾ ಮುಟ್ಟಂಗಿಲ್ಲ. ಹಿತ್ತಲದಾಗ ಬ್ಯಾರೆ ಒಲಿ ಹೂಡ್ತೀನಿ,” ಎಂದು ಹೆಂಡತಿ ನನಗೆ ಹೇಳಿದ್ದಳು. “ಅತ್ತಿ ಗೆದ್ರ ನನ್ನ ಒಲಿ ಬ್ಯಾರೆ. ಸಿಲಿಂಡರ್ ಬುಕ್ ಮಾಡ್ರಿ,” ಎಂದು ಸೊಸೆ ನನ್ನ ಮಗ ಚನ್ನಬಸುವಿಗೆ ಹೇಳಿದ್ದಳು. ಮಗ ಹಾಲಿನ ಟ್ಯಾಂಕರ್ ಓಡಿಸುವವನು; ಅವತ್ತಿನಿಂದ ಸುತ್ತು ದಾರಿಯ ಟ್ರಿಪ್ಪುಗಳನ್ನೇ ಕೇಳಿ ಹಾಕಿಸಿಕೊಂಡ. ಬಿಂದಿಗೆ ಬೀಳಲಿ ಕಡೆಗೋಲು ಬೀಳಲಿ, ಮನೆಯಲ್ಲಿ ಒಲೆ ಎರಡಾಗುವುದು ಖಾತ್ರಿ.

ಒಲೆ ಎರಡಾದರೆ ಹೇಗಿರುತ್ತದೆಂದು ನಾನು ಕಂಡಿದ್ದೇನೆ. ನಮ್ಮಣ್ಣನೂ ನಾನೂ ಬೇರೆಯಾದಾಗ ತಾಯಿಯನ್ನು ಹುಣ್ಣಿಮೆಗೆ ಅವನ ಮನೆ, ಅಮಾವಾಸ್ಯೆಗೆ ನನ್ನ ಮನೆ ಎಂದು ಮಾಡಿಕೊಂಡೆವು. ಒಂದು ಮನೆಯಲ್ಲಿ ಉಪ್ಪು ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ. ಎಲ್ಲಿಯೂ ಹೇಳಲಾರದೆ ಎರಡೂ ಕಡೆ ‘ಚಲೋ ಐತವ್ವ’ ಎನ್ನುತ್ತ ಉಂಡು ಉಂಡು ಹೋದಳು. ಅವಳು ಏನನ್ನು ಇಷ್ಟಪಟ್ಟು ಉಣ್ಣುತ್ತಿದ್ದಳೆಂದು ಅವಳ ತಿಥಿಯ ದಿನ ಎಡೆ ಇಡುವಾಗ ನಮಗಿಬ್ಬರಿಗೂ ಗೊತ್ತಾಗಲಿಲ್ಲ.

ಲ್ಯಾಬೆಂದರೆ ಗುಡ್ಡ ಕೊರೆದು ಮಾಡಿದ ತಂಪು ಕೋಣೆ. ಕಬ್ಬಿಣದ ದೊಡ್ಡ ಮೇಜಿನ ಮೇಲೆ ಸಣ್ಣ ಸಣ್ಣ ಕನ್ನಡಿಗಳು, ನಡುವೆ ಗಾಳಿ ತೆಗೆದ ಗಾಜಿನ ಬುರುಡೆ. ಬುರುಡೆಯ ಒಳಗೆ ನಮ್ಮ ಪರಮಾಣು. ಕಣ್ಣಿಗೆ ಕಾಣುವುದಿಲ್ಲ. ಮೊದಲ ದಿನ ನಾನು ಬಹಳ ಹೊತ್ತು ಬುರುಡೆಯನ್ನು ನೋಡುತ್ತ ಕುಳಿತದ್ದನ್ನು ಕಂಡು ಮೇಡಂ ತಾವಾಗಿ ಹೇಳಿದರು. ಅವರು ಮಂಗಳೂರ ಕಡೆಯವರು, ಮಾತು ಹಾಗೆಯೇ.

“ಇದು ತೊಟ್ಟಿಲಲ್ಲಿ ಮಲಗಿದ ಮಗುವಿನ ಹಾಗೆ ಅಜ್ಜಾ. ನೋಡದೆ ಬಿಟ್ರೆ ಯಾವಾಗಲೋ ಎದ್ದುಬಿಡ್ತದೆ. ಬಟ್ಟೆ ಎತ್ತಿ ನೋಡಿದ್ರೂ ಏಳ್ತದೆ. ಹಾಗಾಗಿ ಸಂದಿಯಲ್ಲಿ ಚೂರು ಇಣುಕುದು, ಮಿಸುಕಿದ ಹಾಗೆ ಕಂಡ್ರೆ ಮೆಲ್ಲ ತೂಗುದು. ಪುನಃ ಇಣುಕುದು, ಪುನಃ ತೂಗುದು. ಯಂತ್ರ ಮಾಡುದು ಇಷ್ಟೇ, ಆದ್ರೆ ಕಣ್ಣು ಮಿಟುಕಿಸುವುದರೊಳಗೆ ಲಕ್ಷ ಸಲ.”

“ಇಣುಕೂದು ಯಾರ್ರಿ?”

“ಒಂದು ಮಂದ ಬೆಳಕು. ಅದು ಹೋಗಿ ನೋಡಿ ಬಂದು ‘ಬಿಂದಿಗೆ’ ಅಂತ ಹೇಳುದಿಲ್ಲ. ‘ಬಿಂದಿಗೆ ಕಡೆ ಸ್ವಲ್ಪ ವಾಲಿದ ಹಾಗೆ ಕಾಣ್ತದೆ, ಖಾತ್ರಿ ಇಲ್ಲ’ ಅಂತ ಹೇಳ್ತದೆ. ಕೂಡಲೆ ನಾವು ಕಡೆಗೋಲಿನ ಕಡೆ ಚೂರು ತಳ್ಳುದು. ಖಾತ್ರಿಯಾಗಿ ಹೇಳುವಷ್ಟು ಬೆಳಕು ಬಿಟ್ರೆ ಅಲ್ಲಿಗೆ ಮುಗೀತು, ಅದು ಒಂದು ಕಡೆ ಬಿದ್ದೇ ಬೀಳ್ತದೆ.”

“ಹಂಗಂದ್ರ ಈಗ ಅದು ಬಿಂದಿಗಿನೋ, ಕಡಗೋಲೋ?”

“ಎರಡೂ.”

“ಒಳಗ ಯಾವುದರ ಒಂದು ಇರಬೇಕಲ್ರಿ. ನಮಗ ಗೊತ್ತಿಲ್ಲ, ಅಷ್ಟ.”

“ಅಲ್ಲ ಅಜ್ಜಾ,” ಎಂದರು ಮೇಡಂ. “ಅದಕ್ಕೇ ಗೊತ್ತಿಲ್ಲ.”

ಇದು ನನಗೆ ಬಹಳ ಸಮಾಧಾನ ತಂದ ಮಾತು. ಅವತ್ತಿನಿಂದ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಗುಡ್ಡ ಹತ್ತುತ್ತಿದ್ದೆ. ಯಂತ್ರ ಗುಂಯ್ ಎನ್ನುವುದನ್ನು ಕೇಳುತ್ತ ಕೂರುವುದು, ಮನೆ ಇನ್ನೂ ಒಂದೇ ಇದೆ ಎಂದುಕೊಳ್ಳುವುದು.

ಕೆಳಗೆ ಹಾಲಿನ ಸಂಘದ ಗೋಡೆಗೆ ಒಂದು ಟೀವಿ ಹಚ್ಚಿ ಲ್ಯಾಬಿನಿಂದ ತಂತಿ ಎಳೆದಿದ್ದರು. ಎಡಕ್ಕೆ ಬಿಂದಿಗೆ, ಬಲಕ್ಕೆ ಕಡೆಗೋಲು, ನಡುವೆ ಸದಾ ನಡುಗುವ ಮುಳ್ಳು. ಆ ನಡುಕಕ್ಕೆ ಅರ್ಥವಿಲ್ಲ, ಅದು ಮಂದ ಬೆಳಕಿನ ತಡವರಿಕೆ ಎಂದು ಮೇಡಂ ಬಂದು ಹೇಳಿಹೋದರು. ಅರ್ಥವಿಲ್ಲದ್ದಕ್ಕೆ ಅರ್ಥ ಹೇಳುವ ಕೆಲಸವನ್ನು ಹೊನ್ನವ್ವ ವಹಿಸಿಕೊಂಡಳು. ಹೊನ್ನವ್ವ ಸಂಘದಲ್ಲಿ ಲ್ಯಾಕ್ಟೋಮೀಟರ್ ಅದ್ದಿ ಹಾಲಿನ ಡಿಗ್ರಿ ನೋಡುವವಳು. ಒಂದು ಕಣ್ಣು ಹಾಲಿನ ಮೇಲೆ, ಒಂದು ಕಣ್ಣು ಮುಳ್ಳಿನ ಮೇಲೆ.

“ಈಗ ಬಿಂದಿಗಿ ಕಡೆ ವಾಲಾಕತ್ತೈತಿ. ಫಕ್ಕೀರವ್ವತ್ತಿಗೆ ಹೇಳ್ಕೊಳ್ಳೂದಿದ್ರ ಲಗೂನ ಹೇಳ್ಕೊಳ್ರೆ. ಏ ದ್ಯಾಮಕ್ಕ, ನೀ ತಡಿ, ನಿಂದು ಹಿಂಡಿ ಚೀಲದ ಮಾತಲ್ಲ? ಕಡಗೋಲು ಬರಲಿ. ಕಸ್ತೂರಿ ಕೈ ಸಡ್ಲ.”

ದ್ಯಾಮಕ್ಕ ಖಾಲಿ ಕ್ಯಾನು ಹಿಡಿದು ಮುಳ್ಳು ನೋಡುತ್ತ ನಿಲ್ಲುತ್ತಿದ್ದಳು.

ಪರಮಾಣು ಎರಡೂ ಆಗಿರುವವರೆಗೆ ಅಧ್ಯಕ್ಷರೂ ಇಬ್ಬರೇ, ಯಾವ ಕೆಲಸಕ್ಕೂ ಇಬ್ಬರ ಒಪ್ಪಿಗೆ ಬೇಕು ಎಂದು ಹಂಚಿನಾಳ ಸಾಹೇಬರು ಹೇಳಿ ಹೋಗಿದ್ದರು. ಸಂಘ ಮುಳುಗಿತು ಎಂದು ಊರೆಲ್ಲ ತಿಳಿದುಕೊಂಡಿತ್ತು. ಆದದ್ದು ಬೇರೆ. ಅತ್ತೆ ತೊಳೆಸಿದ ಕ್ಯಾನನ್ನು ಸೊಸೆ ಮೂಸಿ ನೋಡಿ ಮತ್ತೆ ತೊಳೆಸುತ್ತಿದ್ದಳು. ಸೊಸೆ ತರಿಸಿದ ಹಿಂಡಿಯನ್ನು ಅತ್ತೆ ಬಾಯಿಗೆ ಹಾಕಿಕೊಂಡು ನೋಡಿ, ಮಣ್ಣು ಸಿಕ್ಕಿದರೆ ಲಾರಿಯನ್ನೇ ಹಿಂದಕ್ಕೆ ಕಳಿಸುತ್ತಿದ್ದಳು. ಕರೆದಾಗ ಬಾರದ ದನದ ಡಾಕ್ಟರಿಗೆ ಇಬ್ಬರೂ ಬೇರೆ ಬೇರೆ ಫೋನ್ ಮಾಡಿದರು. ಊರಿಗೆ ದೊಡ್ಡ ರೋಗ ಬಂದಿದೆ ಎಂದುಕೊಂಡು ಅವನು ಓಡಿ ಬಂದ. ನಮ್ಮೂರ ಹಾಲಿಗೆ ಅಷ್ಟು ಒಳ್ಳೆಯ ಹೆಸರು ಹಿಂದೆಂದೂ ಬಂದಿರಲಿಲ್ಲ.

ಮನೆಯ ಮಾತು ಮಾತ್ರ ದಿನಕ್ಕೊಂದು ರೀತಿ. ಊಟಕ್ಕೆ ಕುಳಿತಾಗ ಸೌಟಿನ ಸದ್ದಿನಿಂದಲೇ ಯಾವ ಕಡೆ ವಾಲಿದೆ ಎಂದು ತಿಳಿಯುತ್ತಿತ್ತು. ಲ್ಯಾಬಿನ ವಿದ್ಯೆಯನ್ನು ಇಲ್ಲಿಯೂ ಹಚ್ಚಿ ನೋಡೋಣ ಎನ್ನಿಸಿತು. ಸೋಮವಾರ ಸೊಸೆ ಎಣ್ಣೆಗಾಯಿ ಮಾಡಿದ್ದಳು, ಹೆಂಡತಿ ತುಟಿ ಪಿಟಕ್ಕೆನ್ನದೆ ಉಂಡಳು. ಸೊಸೆಯ ಮುಖ ಸಣ್ಣದಾದದ್ದನ್ನು ನಾನು ಕಂಡೆ. ಏನಾದರೂ ಹೇಳಬೇಕು ಎಂದು ಯೋಚಿಸಿದೆ. ನಾನು ಯೋಚಿಸುವುದು ನಿಧಾನ. ಬುಧವಾರ ಹೆಂಡತಿ ಮಡಿಕೆಕಾಳು ಪಲ್ಯ ಮಾಡಿ ಬಡಿಸುತ್ತಿದ್ದಾಗ ಮಾತು ತಯಾರಾಯಿತು.

“ಕಸ್ತೂರವ್ವ, ಮೊನ್ನಿ ಎಣ್ಣಿಗಾಯಿ ಭಾಳ ಚಲೋ ಆಗಿತ್ತು. ಅಂಥಾದ್ದು ನಾ ಹುಟ್ಟಿದಾಗಿಂದ ಉಂಡಿಲ್ಲ.”

ಹೆಂಡತಿ ಸೌಟನ್ನು ಬೋಗುಣಿಯಲ್ಲಿ ಬಿಟ್ಟಳು. “ಹುಟ್ಟಿದಾಗಿಂದ ಉಂಡಿಲ್ಲೇನ್ರಿ? ಮತ್ತ ಇಷ್ಟ ವರ್ಷ ನಾ ಹಾಕಿದ್ದು ಏನಿತ್ತು, ದನದ ಬಾನಿ?”

ಸೊಸೆಯಾದರೂ ಸಂತೋಷಪಟ್ಟಳೆ? “ಯಾಕ ಮಾವಾರ, ಇವತ್ತಿಂದು ಸೇರಲಿಲ್ಲ ಅಂತ ಅತ್ತಿಗೆ ಕೇಳಿಸಾಕ ನನ್ನ ಹೆಸರು ಹಚ್ಚಿದ್ರೇನು?” ಎಂದಳು. ಅವತ್ತು ಮಜ್ಜಿಗೆಯನ್ನು ನಾನೇ ಬಡಿಸಿಕೊಂಡೆ.

ಮೇಡಂ ಇದನ್ನು ಕೇಳಿ ಮೇಜು ಹಿಡಿದುಕೊಂಡು ನಕ್ಕರು. “ತಡ ಆಯ್ತು, ಮತ್ತೆ ಜೋರೂ ಆಯ್ತು. ನಮ್ಮ ಯಂತ್ರಕ್ಕೂ ಮೊದಲು ಇದೇ ರೋಗ ಇತ್ತು ಅಜ್ಜಾ. ವಾಲಿದ್ದನ್ನು ತಡವಾಗಿ ತಿಳಿದು ಜೋರಾಗಿ ತಳ್ಳಿದ್ರೆ, ಅಷ್ಟೊತ್ತಿಗೆ ಅದು ತಾನೇ ಆಚೆ ಹೋಗಿರ್ತದೆ, ನಾವು ಇನ್ನೂ ಆಚೆಗೇ ನೂಕಿದ ಹಾಗಾಗ್ತದೆ. ಏನೂ ಮಾಡದೆ ಇದ್ರೇ ವಾಸಿ. ನಮ್ಮ ಮನೆಯವ್ರು ಹಾಗೇ. ನನ್ನ ಸಿಟ್ಟು ಇಳಿದು ಎರಡು ದಿನ ಆದ ಮೇಲೆ ಫೋನ್ ಮಾಡಿ ತಪ್ಪಾಯ್ತು ಅಂತಾರೆ. ಆಗ ನಂಗೆ ಪುನಃ ಸಿಟ್ಟು ಬರ್ತದೆ.”

ಆಮೇಲೆ ನಾನು ಸಣ್ಣ ಸಣ್ಣದಾಗಿ, ಬೇಗ ಬೇಗ ಮಾಡಲು ಕಲಿತೆ. ಒಬ್ಬಳ ತುತ್ತಿಗೆ ‘ಹೂಂ’ ಎಂದರೆ ಇನ್ನೊಬ್ಬಳ ತುತ್ತಿಗೂ ಕೂಡಲೇ ‘ಹೂಂ’. ಅಷ್ಟರ ಮಟ್ಟಿಗೆ ನಡೆಯಿತು.

ಆಷಾಢ ಕೊನೆಗೆ ಬಂದ ಹಾಗೆ ಜನಕ್ಕೆ ತಡೆಯಲಾಗಲಿಲ್ಲ. ಟೀವಿಯ ಮುಳ್ಳು ಸಾಲದೆ ಸುತ್ತಲ ಊರಿನವರು ಗುಡ್ಡ ಹತ್ತಿ ಪರಮಾಣುವನ್ನೇ ನೋಡಲು ಬರತೊಡಗಿದರು. ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೋಣೆಯ ತಂಪು ಹೋಗಿ ಕನ್ನಡಿಗಳು ಅಲುಗಿದವು. ಯಂತ್ರ ತಳ್ಳುವುದು ಜೋರಾಯಿತು. ಮುಳ್ಳು ಒಮ್ಮೆ ಈ ಅಂಚಿಗೆ, ಒಮ್ಮೆ ಆ ಅಂಚಿಗೆ ಹೋಗಿ ಬರುತ್ತಿತ್ತು. ಮೇಡಂ ಎರಡು ಕೈಯಲ್ಲಿ ತಲೆ ಹಿಡಿದುಕೊಂಡು, “ಎಲ್ಲರೂ ನೋಡಿ ನೋಡಿಯೇ ಇದು ಹಾಳಾಗುದು ಮಾರಾಯ್ರೆ,” ಎಂದರು.

ಅವತ್ತು ಮನೆಯಲ್ಲಿ, “ಏನಂತಾರ ಮೇಡಮ್ಮಾರು?” ಎಂದು ಹೆಂಡತಿ ಕೇಳಿದಳು. ನಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ: “ಮಂದಿ ನೋಡಿ ನೋಡಿ ಕೆಡಾಕತ್ತೈತಂತ.”

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಒಲೆಗೆ ಉರಿ ಮಾಡುತ್ತಿದ್ದ ಕೈಯೂ ನಿಂತಿತು. ನಾನು ಉಂಡು ಎದ್ದೆ.

ಮರುದಿನ ಬಿಸಿಲೇರುವ ಹೊತ್ತಿಗೆ ನಾನು ಸಾಕ್ಷಿ ಕುರ್ಚಿಯಲ್ಲಿ ಕುಳಿತಿದ್ದೆ. ಮುಂಬಾಗಿಲಿನಿಂದ ಹೆಂಡತಿ ಬಂದಳು. ಒಂದು ಕೈಯಲ್ಲಿ ಕೆಂಡದ ಸೌಟು, ಇನ್ನೊಂದು ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಕಸಬರಿಗೆ ಕಡ್ಡಿ. ಮೇಡಂ ಕನ್ನಡಿ ಸರಿಪಡಿಸುತ್ತ ಬೆನ್ನು ಹಾಕಿ ನಿಂತಿದ್ದರು. ನಾನು ಎದ್ದು ನಿಲ್ಲುವುದರೊಳಗೆ ಹಿಂಬಾಗಿಲಿನಿಂದ ಕಸ್ತೂರಿ ಬಂದಳು. ಹಿಂಬಾಗಿಲಿನ ಕಾವಲುಗಾರ ಅವಳ ತವರೂರಿನವನು. ಅವಳ ಕೈಯಲ್ಲೂ ಕೆಂಡ, ಅವಳ ಮುಷ್ಟಿಯಲ್ಲೂ ಅದೇ.

ದೃಷ್ಟಿ ತೆಗೆಯುವಾಗ ನಡುವೆ ಮಾತಾಡಬಾರದು. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ, ಗಾಜಿನ ಬುರುಡೆಗೆ ಆ ಕಡೆಯಿಂದ ಒಬ್ಬಳು ಈ ಕಡೆಯಿಂದ ಒಬ್ಬಳು ನಿವಾಳಿಸಿ, ಮುಷ್ಟಿಯಲ್ಲಿದ್ದದ್ದನ್ನು ಒಟ್ಟಿಗೆ ಕೆಂಡಕ್ಕೆ ಹಾಕಿದರು.

ಆಮೇಲಿನದನ್ನು ನಾನು ಸರಿಯಾಗಿ ಕಾಣಲಿಲ್ಲ. ಕಣ್ಣಲ್ಲಿ ನೀರು. ಮೇಡಂ ಸೀನುತ್ತ ಏನೋ ಕೂಗಿದರು. ಚಾವಣಿಯಲ್ಲಿ ಗಂಟೆ ಬಡಿಯಿತು. ಹೊಗೆ ಕಂಡರೆ ಬೆಂಕಿಯೆಂದು ತಿಳಿದು ಕರೆಂಟನ್ನು ತಾನೇ ಕಡಿಯುವ ವ್ಯವಸ್ಥೆ ಅಲ್ಲಿದೆ. ಅದು ತನ್ನ ಕೆಲಸ ಮಾಡಿತು. ಗುಂಯ್ ಎನ್ನುವ ಸದ್ದು ನಿಂತುಹೋಯಿತು.

ನಾವೆಲ್ಲ ಹೊರಗಿನ ಕಟ್ಟೆಗೆ ಬಂದು ಕೂತು ಕೆಮ್ಮಿದೆವು.

“ಘಾಟು ಬಂತಲ್ಲ,” ಎಂದಳು ಹೆಂಡತಿ, ಸೆರಗಿನಿಂದ ಕಣ್ಣೊರೆಸುತ್ತ. “ಘಾಟು ಬಂದ್ರ ದೃಷ್ಟಿ ಇದ್ದಿಲ್ಲ ಅಂತ ಅರ್ಥ. ನಾ ಬ್ಯಾಡಗಿ ಮೆಣಸಿನಕಾಯಿ ತಂದಿದ್ದೆ. ಅದು ಬಣ್ಣಕ್ಕಷ್ಟ. ಈ ಘಾಟು ನಂದಲ್ಲ.”

“ನಾ ಗುಂಟೂರು ತಂದಿದ್ದೆ,” ಎಂದಳು ಕಸ್ತೂರಿ.

“ನಿನ್ನ ಯಾರು ಕರದಿದ್ರು ಇಲ್ಲಿಗೆ? ಕಡಗೋಲಿನ ಕಡೆ ತಿರುವಿ ಹೋಗಾಕ ಬಂದಿದ್ದಿ?”

“ನೀವು ಬಿಂದಿಗಿ ಕಡೆ ತಿರುವಾಕ ಬಂದಿದ್ರೇನು ಅತ್ತಿ?”

“ನಾ ಬಂದಿದ್ದು ಅದು ಬೀಳಬಾರದಂತ.”

ಕಸ್ತೂರಿ ಕೆಮ್ಮುವುದನ್ನು ನಿಲ್ಲಿಸಿದಳು. “ನಾನೂ ಅದಕ್ಕ,” ಎಂದಳು.

ಅಷ್ಟರಲ್ಲಿ ಮೇಡಂ ಹೊರಗೆ ಬಂದರು. ಮೂಗು ಕೆಂಪಾಗಿತ್ತು. “ಬಿದ್ದಾಯ್ತು,” ಎಂದರು. “ಹೊಗೆಯಲ್ಲಿ ಬೆಳಕು ಚದುರಿಹೋಯ್ತು, ಕರೆಂಟೂ ಹೋಯ್ತು, ತೂಗುವವ್ರು ಇಲ್ಲ. ಯಾವ ಕಡೆ ಬಿದ್ದಿದೆ ಅಂತ ನಾನಿನ್ನೂ ನೋಡ್ಲಿಲ್ಲ.”

“ನೋಡಲಿಲ್ಲಂದ್ರ ಮೊದಲಿನಂಗ ಆತಲ್ರಿ,” ಎಂದಳು ಹೆಂಡತಿ.

“ಇಲ್ಲ ಅಮ್ಮಾ. ಮೊದಲು ಎರಡೂ ಆಗಿತ್ತು. ಈಗ ಒಂದೇ. ನಮಗೆ ಗೊತ್ತಿಲ್ಲ, ಅಷ್ಟೇ.”

ಇಬ್ಬರಿಗೂ ಈ ವ್ಯತ್ಯಾಸ ಚೆನ್ನಾಗಿ ತಿಳಿಯಿತು. ಇಬ್ಬರೂ ಗುಡ್ಡದ ಕೆಳಗೆ ನಮ್ಮ ಮನೆಯ ಮಾಳಿಗೆ ಕಾಣುವ ಕಡೆ ನೋಡುತ್ತ ಕುಳಿತರು.

ಹಂಚಿನಾಳ ಸಾಹೇಬರಿಗೆ ಸುದ್ದಿ ಹೋಯಿತು. ಜೀಪಿನಲ್ಲಿ ಬಂದರು. ಅವರ ಹಿಂದೆ ಹೊನ್ನವ್ವ, ದ್ಯಾಮಕ್ಕ, ಸಂಘದ ಹೆಂಗಸರೆಲ್ಲ ಗುಡ್ಡ ಹತ್ತಿ ಬಂದರು. ಪರಮಾಣು ಬಿದ್ದ ಮೇಲೆ ಆಷಾಢ ನೋಡುವಂತಿಲ್ಲ, ಇವತ್ತೇ ಫಲ ಓದಬೇಕು ಎಂದರು ಸಾಹೇಬರು. ಓದುವ ಮೊದಲು ಯಾರಾದರೂ ಹಿಂದೆ ಸರಿಯುವುದಿದೆಯೇ ಎಂದು ಕೇಳಬೇಕಂತೆ, ಅದೂ ಕಾಯ್ದೆ. ಒಬ್ಬರ ಮುಖ ನೋಡಿ ಒಬ್ಬರು ಹೇಳಬಾರದೆಂದು ಒಬ್ಬೊಬ್ಬರನ್ನೇ ಒಳಗೆ ಕರೆದರು. ಸಾಕ್ಷಿ ಎಂದು ನಾನು ಒಳಗಿದ್ದೆ. ಸಾಕ್ಷಿ ಬಾಯಿ ತೆರೆಯುವಂತಿಲ್ಲ.

ಮೊದಲು ಹೆಂಡತಿ ಬಂದಳು. “ಅಕಿನ ಆಗಲಿ ಬಿಡ್ರಿ ಸಾಹೇಬ್ರ,” ಎಂದಳು. “ಅಕಿ ಗೆದ್ದು ತಗೊಂಡ್ರ ನಾ ಆಡಿದ ಮಾತು ಉಳಿಸ್ಕೋಬೇಕಾಗತೈತಿ, ಒಲಿ ಹೂಡಬೇಕಾಗತೈತಿ. ನಾನ ಕೊಟ್ರ ಆ ಮಾತು ಬರೂದಿಲ್ಲ.” ನನ್ನ ಕಡೆ ನೋಡದೆ ಹೊರಗೆ ಹೋದಳು.

ಕಸ್ತೂರಿ ಬರುವುದರೊಳಗೆ ಹೇಗಾದರೂ ಸನ್ನೆ ಮಾಡಬೇಕೆಂದು ಯೋಚಿಸಿದೆ. ನಾನು ಯೋಚಿಸುವುದು ನಿಧಾನವೆಂದು ಆಗಲೇ ಹೇಳಿದ್ದೇನೆ.

“ಅತ್ತಿನ ಆಗಲಿ ಸರ್,” ಎಂದಳು ಅವಳು. “ಬ್ಯಾರೆ ಒಲಿ ಹೂಡಿದ್ರ ಹಿತ್ತಲದಾಗ ಹೊಗಿ ತಿಂದು ಸಾಯ್ತಾರ. ಇವತ್ತ ನೋಡ್ಲಿಲ್ಲೇನು ಹೆಂಗ ಕೆಮ್ಮಿದ್ರು.”

ಸಾಹೇಬರು ನನ್ನನ್ನು ನೋಡಿದರು. ನಾನು ಚಾವಣಿಯನ್ನು ನೋಡಿದೆ. ಹೊರಗೆ ಬಂದು ಅವರು ಇಬ್ಬರೂ ಸರಿದಿದ್ದಾರೆ ಎಂದು ಹೇಳಿದಾಗ, ಅತ್ತೆ ಸೊಸೆ ತಾವೇ ಮೋಸ ಹೋದವರಂತೆ ಒಬ್ಬರನ್ನೊಬ್ಬರು ಬೈಯತೊಡಗಿದರು.

“ನಿನಗ ಯಾರು ಸರಿ ಅಂದ್ರು? ದೊಡ್ಡತನ ತೋರಸ್ತಿ ನನ್ನ ಮುಂದ?”

“ನೀವು ಮೊದಲ ಹೇಳಿದ್ರ ನಾ ಯಾಕ ಸರೀತಿದ್ದೆ?”

ಸಾಹೇಬರು ಹಣೆ ಒರೆಸಿಕೊಂಡರು. “ಈಗ ಕುರ್ಚಿ ಖಾಲಿ ಐತಿ. ಇಲ್ಲಿ ಕೂಡಿದವರ ಪೈಕಿ ಯಾರನರ ಒಬ್ಬರನ್ನ ಸೂಚಿಸ್ರಿ, ಮನಿಗೆ ಹೋಗೂಣು.”

ಅತ್ತೆ ಸೊಸೆಯನ್ನು ನೋಡಿದಳು, ಸೊಸೆ ಅತ್ತೆಯನ್ನು ನೋಡಿದಳು. ಅಲ್ಲಿ ಇದ್ದವರಲ್ಲಿ ಎಲ್ಲರಿಗಿಂತ ಮೆತ್ತಗಿನವಳು, ಇಬ್ಬರ ಮಾತನ್ನೂ ಕೇಳುವವಳು ಯಾರೆಂದು ಇಬ್ಬರೂ ಲೆಕ್ಕ ಹಾಕಿರಬೇಕು. ಒಂದೇ ಬಾಯಿಂದ ಬಂದ ಹಾಗೆ ಹೇಳಿದರು: “ಹೊನ್ನವ್ವ ಆಗಲಿ.”

ಹೊನ್ನವ್ವ ಬ್ಯಾಡ ಬ್ಯಾಡ ಎಂದಳು. ಬ್ಯಾಡ ಎನ್ನುತ್ತಲೇ ಸೆರಗು ಸರಿಪಡಿಸಿಕೊಂಡಳು.

ಜನ ಇಳಿದುಹೋದ ಮೇಲೆ ಮೇಡಂ ಹೊಗೆ ಹೋಗಲೆಂದು ಎರಡೂ ಬಾಗಿಲು ತೆರೆಯುತ್ತಿದ್ದರು. ಅವರ ಕೆಲಸ ಕೆಟ್ಟಿತಲ್ಲ ಎಂದು ನನಗೆ ಸಂಕಟ. “ದಾಖಲೆ ಅಂತೂ ಆಯ್ತು ಅಜ್ಜಾ,” ಎಂದರು. “ಆದ್ರೆ ಕೊನೆಗೆ ಬಿದ್ದದ್ದು ಯಾಕೆ ಅಂತ ಪ್ರಬಂಧದಲ್ಲಿ ಹೇಗೆ ಬರೆಯುದು? ಗುಂಟೂರು ಮೆಣಸು ಅಂತಲಾ?” ಒಂದು ಕನ್ನಡಿಯ ಮಸಿ ಒರೆಸುತ್ತ ತಾವೇ ಮತ್ತೆ ಹೇಳಿದರು. “ನಮ್ಮಲ್ಲೂ ಹೀಗೆ ಆಗುದುಂಟು. ಎರಡು ಮೆಟ್ಟಿಲ ನಡುವೆ ಹಿಡಿದಿಟ್ಟದ್ದು ಕೆಲವೊಮ್ಮೆ ಎರಡನ್ನೂ ಬಿಟ್ಟು ಮೂರನೇ ಮೆಟ್ಟಿಲಿಗೆ ಹಾರ್ತದೆ. ಸೋರಿಕೆ ಅಂತೇವೆ. ಅದಕ್ಕೆ ನಮ್ಮ ಯಂತ್ರದಲ್ಲಿ ಮದ್ದಿಲ್ಲ.”

“ಆ ಮದ್ದು ಲಗೂನ ಹುಡುಕಬ್ಯಾಡ್ರಿ,” ಎಂದೆ.

“ನಿಮ್ಮದು ಯಾವ ಕಡೆ ಬಿದ್ದಿತ್ತು ಅಂತ ನಾನು ನೋಡಿದೆ. ಹೇಳ್ಬೇಕಾ?”

“ಬ್ಯಾಡ್ರಿ,” ಎಂದು ಕೈ ಮುಗಿದು ಗುಡ್ಡ ಇಳಿದೆ.

ಶ್ರಾವಣದ ಮೊದಲ ಸೋಮವಾರ ಹೊನ್ನವ್ವ ಕುರ್ಚಿಯ ಮೇಲೆ ಕುಳಿತಳು. ಕುಳಿತವಳು ಲ್ಯಾಕ್ಟೋಮೀಟರನ್ನು ಕೈಬಿಡಲಿಲ್ಲ. ಅವತ್ತೇ ನಮ್ಮ ಮನೆಯ ಕ್ಯಾನಿಗೆ ಅದ್ದಿ, ಊರೆಲ್ಲ ಕೇಳುವ ಹಾಗೆ, “ಡಿಗ್ರಿ ಕಡಿಮಿ ಐತಿ. ತಗೊಂಡು ಹೋಗ್ರಿ,” ಎಂದಳು.

ಮಧ್ಯಾಹ್ನ ನಾನು ಉಣ್ಣಲು ಕುಳಿತಾಗ ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಮಂಡಿಗೆ ಮಂಡಿ ತಾಗಿಸಿ ಕುಳಿತಿದ್ದರು. ಒಬ್ಬಳು ಬಡಿಯುತ್ತಿದ್ದಳು, ಒಬ್ಬಳು ಬೇಯಿಸುತ್ತಿದ್ದಳು.

“ನಮ್ಮ ಎಮ್ಮಿ ಹಾಲಿಗೆ ಡಿಗ್ರಿ ಕಡಿಮಿ ಅಂತಾಳ. ಅಕಿ ಲ್ಯಾಕ್ಟೋಮೀಟರ್ ಹಿಡಿಯೂದು ಕಲ್ಸಿದಾಕಿ ನಾನು.”

“ಮೀಟಿಂಗ್ ಕರೀಬೇಕ್ರಿ ಅತ್ತಿ. ನೀವು ಹಳೇ ಮಂದೀನ ನೋಡ್ಕೊಳ್ರಿ, ನಾ ಹೊಸಬರನ್ನ ನೋಡ್ಕೋತೀನಿ.”

“ದ್ಯಾಮಕ್ಕನ ನನಗ ಬಿಡು.”

ನನ್ನ ತಾಟು ಖಾಲಿಯಾದದ್ದನ್ನು ಇಬ್ಬರೂ ಕಂಡಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಇನ್ನೊಂದು ರೊಟ್ಟಿ ಬೇಕಿತ್ತು ಎಂದೆ. ಮಾತು ನಿಲ್ಲಿಸದೆ, ತಿರುಗಿಯೂ ನೋಡದೆ, ಇಬ್ಬರೂ ಒಂದೊಂದು ಹಾಕಿದರು.